ಟಾರ್ಪಾಲ್ ಮುಚ್ಚಲಾ, ಬೇಡ್ವಾ?

ಸಂಜೆ ಐದೂವರೆಗೆ ಕಣದ ಅಂಚಿನಲ್ಲಿ ನಿಂತು ಆಕಾಶ ನೋಡುವುದಕ್ಕೂ ಸೇರಿಸಿ ನನಗೆ ಸಂಬಳ. ಸಿದ್ದಾಪುರದ ಹತ್ತಿರ ಒಂದು ಕಾಫಿ ತೋಟದಲ್ಲಿ ನಾನು ರೈಟರ್. ರೈಟರ್ ಅಂದ ಕೂಡಲೇ ಕತೆ, ಕಾದಂಬರಿ ಅಂದ್ಕೋಬೇಡಿ. ಕೊಡಗಿನ ತೋಟಗಳಲ್ಲಿ ರೈಟರ್ ಅಂದರೆ ಹಾಜರಿ ಬರೆಯುವವನು, ಕುಯ್ದ ಹಣ್ಣು ತೂಗುವವನು, ಗೊಬ್ಬರದ ಚೀಲ ಎಣಿಸುವವನು, ಕಣದಲ್ಲಿ ಹರವಿದ ರೋಬಸ್ಟಾ ಕಾಫಿ ನೆನೆದರೆ ಬೈಸಿಕೊಳ್ಳುವವನು.

ಒಣಗುತ್ತಾ ಬಂದ ಹಣ್ಣಿನದು ತಲೆನೋವಿಲ್ಲ. ಸಂಜೆ ರಾಶಿ ಮಾಡಿ ದಿನಾ ಮುಚ್ಚಲೇಬೇಕು, ಇಲ್ಲದಿದ್ದರೆ ಇಬ್ಬನಿ ಕುಡಿದು ಮತ್ತೆ ತೇವ ಆಗುತ್ತದೆ. ತಕರಾರು ನಿನ್ನೆ ಮೊನ್ನೆ ಹರವಿದ ಹಸಿ ಹಣ್ಣಿನದು. ಮುಚ್ಚಿದರೆ ಒಳಗೇ ಬೆವೆತು, ಕಾವು ಏರಿ, ಬೂಷ್ಟು ಹಿಡಿಯುತ್ತದೆ. ಬಿಟ್ಟರೆ ಮಳೆಯ ಭಯ. ಹಾಗಾಗಿ ನಾನು ಪ್ರಾರ್ಥನೆ ಮಾಡುತ್ತೇನೆ. ಕಣ್ಣು ಮುಚ್ಚುವುದಿಲ್ಲ, ಆಳುಗಳು ನಗುತ್ತಾರೆ. ಸುಮ್ನೆ ಮೋಡ ನೋಡುವವನ ಹಾಗೆ ನಿಂತು ಒಳಗೊಳಗೇ ಕೇಳುತ್ತೇನೆ: ಕರ್ತನೇ, ಮುಚ್ಚಲಾ, ಬೇಡ್ವಾ?

ಇದು ಅಜ್ಜಿ ಹಚ್ಚಿದ ಚಾಳಿ. ಅವಳು ಆನಂದಪುರದ ಕಡೆಯವಳು. 1843ರಲ್ಲಿ ‘ಮಂಗಳೂರ ಸಮಾಚಾರ’ ಪತ್ರಿಕೆ ಹೊರಡಿಸಿದ ಜರ್ಮನ್ ಪಾದ್ರಿ ಹೆರ್ಮನ್ ಮೋಗ್ಲಿಂಗ್ ಆಮೇಲೆ ಕೊಡಗಿಗೆ ಬಂದು ಕಟ್ಟಿದ ಕ್ರೈಸ್ತರ ಊರು ಅದು. ಕತ್ತಿ ಹಿಡಿದು ಕಾಡಿಗೆ ಹೋಗುವಾಗಲೂ, ಕೋಳಿ ಮಾರುವಾಗಲೂ ಅಜ್ಜಿ ಮೊದಲು ದೇವರನ್ನು ಕೇಳುತ್ತಿದ್ದಳು. ಕೋಳಿಯ ರೇಟನ್ನು ದೇವರು ಹೇಳುತ್ತಿದ್ದನೋ ಏನೋ, ಅವಳಂತೂ ಒಂದು ರೂಪಾಯಿ ಇಳಿಸುತ್ತಿರಲಿಲ್ಲ.

ನನಗೆ ಅಷ್ಟು ಸುಲಭವಾಗಿ ಉತ್ತರ ಸಿಗುವುದಿಲ್ಲ. ಹೊಸ ವರ್ಷದ ರಾತ್ರಿ ಆರಾಧನೆಯಲ್ಲಿ ಎತ್ತಿದ, ಬೈಬಲ್ ವಚನ ಬರೆದ ವಾಗ್ದಾನದ ಕಾರ್ಡು ಪರ್ಸಿನಲ್ಲಿದೆ, ಅದರಲ್ಲಿ ಟಾರ್ಪಾಲಿನ ಸುದ್ದಿ ಇಲ್ಲ. ಒಮ್ಮೆ ಕಣ್ಣು ಮುಚ್ಚಿ ಬೈಬಲ್ ತೆರೆದು ಬೆರಳಿಟ್ಟೆ. ಬಂದದ್ದು ಪೂರ್ವಕಾಲವೃತ್ತಾಂತದ ಶುರುವಿನ ಪುಟಗಳು, ಇವನ ಮಗ ಅವನು, ಅವನ ಮಗ ಇವನು, ನನ್ನ ಹಾಜರಿ ಪುಸ್ತಕವನ್ನೇ ಯಾರೋ ಇಬ್ರಿಯ ಭಾಷೆಯಲ್ಲಿ ಬರೆದಿಟ್ಟ ಹಾಗೆ.

ಬೈಬಲಿನ ಗಿದ್ಯೋನ ಪುಣ್ಯವಂತ. ಅವನದೂ ಕಣದ ವ್ಯವಹಾರವೇ. ರಾತ್ರಿ ಕಣದಲ್ಲಿ ಕುರಿಯ ತುಪ್ಪಟ ಹಾಕಿ, ತುಪ್ಪಟ ಮಾತ್ರ ನೆನೆದು ನೆಲ ಒಣಗಿರಲಿ ಅಂತ ಕೇಳಿದ, ಹಾಗೇ ಆಯಿತು. ನಂಬಿಕೆ ಸಾಲದೆ ಮರುದಿನ ತಿರುಗಿಸಿ ಕೇಳಿದ, ಅದೂ ಆಯಿತು. ಕೊಡಗಿನ ಫೆಬ್ರವರಿಯಲ್ಲಿ ಈ ಪರೀಕ್ಷೆ ನಡೆಯುವುದಿಲ್ಲ ಬಿಡಿ, ಬೆಳಿಗ್ಗೆ ಎದ್ದರೆ ತುಪ್ಪಟ, ನೆಲ, ನಾಯಿ, ಬೈಕಿನ ಸೀಟು ಎಲ್ಲವೂ ಒದ್ದೆ.

ಇನ್ನೊಂದು ತೊಂದರೆ ಇದೆ. ನಾನು ಮಳೆ ಬೇಡ ಅನ್ನುವ ಹೊತ್ತಿಗೇ ನಮ್ಮ ಸಾಹುಕಾರರು ಮಳೆ ಬರಲಿ ಅಂತ ಕಕ್ಕಬ್ಬೆಯ ಇಗ್ಗುತಪ್ಪನಿಗೆ ಹರಕೆ ಹೊತ್ತಿರುತ್ತಾರೆ. ಅವರದೂ ನ್ಯಾಯವೇ. ಕುಯ್ಲು ಮುಗಿಯುವ ಮೊದಲೇ ಗಿಡಕ್ಕೆ ಹೂಮಳೆ ಬೇಕಾಗುತ್ತದೆ, ಒಂದು ಇಂಚು ಚೆನ್ನಾಗಿ ಬಿದ್ದರೆ ಎಂಟು ಹತ್ತು ದಿನದಲ್ಲಿ ತೋಟ ಪೂರ್ತಿ ಬೆಳ್ಳಗಾಗಿ ಮಲ್ಲಿಗೆಯಂಥ ಘಮ ಆಳುಗಳ ಲೈನ್‌ಮನೆವರೆಗೂ ಬರುತ್ತದೆ, ಬೀಳದಿದ್ದರೆ ಸ್ಪ್ರಿಂಕ್ಲರ್ ಹಾಕಿ ಡೀಸೆಲ್ ಸುಡಬೇಕು. ಮುಂದಿನ ವರ್ಷದ ಬೆಳೆ ಕೊಡುವ ಮಳೆಯೇ ಈ ವರ್ಷದ ಬೆಳೆಯನ್ನು ಕಣದಲ್ಲಿ ಕೆಡಿಸುತ್ತದೆ. ಸಾಹುಕಾರರು ಒಳ್ಳೆಯವರು. “ರೈಟರೇ, ನಿಮ್ಮ ದೇವರಿಗೂ ಒಂದು ಮಾತು ಹೇಳಿ” ಅನ್ನುತ್ತಾರೆ. ನಾನು ಆಗಲೇ ಹೇಳಿಯಾಗಿದೆ, ಆದರೆ ಉಲ್ಟಾ ಅಂತ ಬಾಯಿಬಿಡುವ ಹಾಗಿಲ್ಲ. ದೇವರ ಚಿತ್ತ ಅಂದು ಜಾರಿಕೊಳ್ಳುತ್ತೇನೆ. ನಮ್ಮ ಸಭೆಯಲ್ಲಿ ಈ ಮಾತನ್ನು ಜಾಸ್ತಿ ಬಳಸುವುದು ಹೀಗೆ ಜಾರಿಕೊಳ್ಳುವುದಕ್ಕೇ ಅಂತ ನನ್ನ ಅನುಮಾನ.

ಹೋದ ವರ್ಷ ಮಾರ್ಚಿನ ಒಂದು ಸಂಜೆ ಹೀಗೇ ಮೋಡ ನೋಡುತ್ತಾ ಕೇಳುತ್ತಿದ್ದೆ. ಹಿಂದಿನಿಂದ ಒಬ್ಬಳು ಹೆಂಗಸು ಕರೆದಳು.

“ರೈಟರೇ, ನನ್ನದು ಎಷ್ಟು ಬರೆದಿರಿ?”

ಸಿಟ್ಟು ಬಂತು. ದೇವರ ಹತ್ತಿರ ಮಾತಾಡುವಾಗ ನಡುವೆ ಬಾಯಿ ಹಾಕಿದರೆ ಬರೋದಿಲ್ವಾ? ಪುಸ್ತಕ ನೋಡಿ ಐವತ್ತೆರಡು ಕಿಲೋ ಅಂದೆ.

“ತೂಕದ ಮಿಷನ್ನಲ್ಲಿ ಐವತ್ತೆರಡು ಮುಕ್ಕಾಲು ಇತ್ತಲ್ಲ.”

ಇತ್ತು. ಕುಯ್ಲಿನ ಕೂಲಿ ಕಿಲೋ ಲೆಕ್ಕ, ಪಾಯಿಂಟಿನ ಆಚೆಗಿನ ಗ್ರಾಂ ಬಿಟ್ಟು ಬರೆಯುವುದು ನಾನು ಕೆಲಸಕ್ಕೆ ಸೇರುವ ಮೊದಲಿನಿಂದ ಇದ್ದ ರೂಢಿ. ಚೀಲದ ತೂಕ, ಎಲೆ, ಕಡ್ಡಿ ಅಂತ ಕಾರಣ. ಹಾಗೇ ಹೇಳಿದೆ. ಅವಳು ಜಗಳ ಆಡಲಿಲ್ಲ. ತನ್ನ ಖಾಲಿ ಚೀಲ, ಹಳೇ ಗೊಬ್ಬರದ ಪ್ಲಾಸ್ಟಿಕ್ ಚೀಲ ಅದು, ತಂದು ಮಿಷನ್ ಮೇಲೆ ಹಾಕಿದಳು. ನೂರೈವತ್ತು ಗ್ರಾಂ ಕೂಡ ತೋರಿಸಲಿಲ್ಲ. ನನ್ನ ಮುಖ ನೋಡಿ ಚೀಲ ಮಡಚಿಕೊಂಡು ಹೋದಳು.

ಟಾರ್ಪಾಲ್ ಬಗ್ಗೆ ದಿನಾ ಕೇಳುವವನು ತಕ್ಕಡಿ ಬಗ್ಗೆ ಒಂದು ದಿನವೂ ಕೇಳಿರಲಿಲ್ಲ. ಯಾಕೆ ಅಂತ ನನಗೆ ಚೆನ್ನಾಗಿ ಗೊತ್ತು. ಅದಕ್ಕೆ ಉತ್ತರ ಆಗಲೇ ಇದೆ, ಬೈಬಲಿನ ಜ್ಞಾನೋಕ್ತಿಯ 11ನೇ ಅಧ್ಯಾಯ ಶುರುವಾಗುವುದೇ ಮೋಸದ ತಕ್ಕಡಿಯಿಂದ. ಬೆರಳಿಟ್ಟು ಹುಡುಕಬೇಕಾಗಿಲ್ಲ. ಮಳೆಯನ್ನಾದರೆ ನಾವು ಇಂಚಿನ ನೂರನೇ ಒಂದು ಭಾಗದವರೆಗೆ, ಅಂದರೆ ಸೆಂಟ್ ಲೆಕ್ಕದಲ್ಲಿ, ಅಳೆಯುತ್ತೇವೆ, ಮೂವತ್ತೇಳು ಸೆಂಟ್ ಬಿದ್ದರೆ ಮೂವತ್ತೈದು ಅಂತ ಬರೆದರೆ ಸಾಹುಕಾರರಿಗೆ ನಿದ್ದೆ ಬರುವುದಿಲ್ಲ. ನಮ್ಮಜ್ಜಿಯೂ ಇಂಥದೇ ಸಾಲಿನಲ್ಲಿ ಚೀಲ ಹೊತ್ತು ನಿಂತವಳು. ಅವಳ ಪಾಯಿಂಟು ಎಷ್ಟು ಹೋಯಿತೋ.

ಆ ರಾತ್ರಿ ಇಪ್ಪತ್ತು ಸೆಂಟ್ ಮಳೆ ಬಂತು. ಹೂವಿಗೆ ಏನೇನೂ ಸಾಲದು, ಕಣ ಹಾಳಾಗಲು ಧಾರಾಳ. ಇಗ್ಗುತಪ್ಪನ ಭಕ್ತರಿಗೂ ಸಮಾಧಾನ ಇಲ್ಲ, ನನಗೂ ಇಲ್ಲ. ಹೌದು, ನಾನು ಮುಚ್ಚಿಸಿರಲಿಲ್ಲ.

ಮಾರನೇ ದಿನ ಹಾಜರಿ ಪುಸ್ತಕದಲ್ಲಿ ಕಿಲೋ ಪಕ್ಕ ಸ್ಕೇಲಿಟ್ಟು ಪಾಯಿಂಟಿಗೆ ಅಂತ ಇನ್ನೊಂದು ಗೆರೆ ಎಳೆದೆ. ಸಾಹುಕಾರರು ಕೇಳಿದಾಗ ಗಂಟಲು ಒಣಗಿತು, ಆದರೂ ಹೇಳಿದೆ. ಅವರು ಪುಸ್ತಕವನ್ನು ತುಂಬಾ ಹೊತ್ತು ನೋಡಿ, “ಹಂಗಾದ್ರೆ ಎಲೆ ಕಡ್ಡಿ ಸರಿಯಾಗಿ ಹೆಕ್ಕಿಸಿ ಆಮೇಲೆ ತೂಗಿ” ಅಂದರು. ಅಷ್ಟೇ. ಈಗ ತೂಕ ಮುಗಿಯುವುದು ಮುಕ್ಕಾಲು ಗಂಟೆ ತಡ. ಅಸ್ಸಾಂನಿಂದ ಬಂದ ಹುಡುಗರು ಅರ್ಧ ಕನ್ನಡದಲ್ಲಿ “ಪಾಯಿಂಟ್ ರೈಟರ್” ಅಂತ ಕರೆಯುತ್ತಾರೆ. ಹೊಗಳಿಕೆಯೋ ಲೇವಡಿಯೋ ಗೊತ್ತಾಗಿಲ್ಲ.

ಟಾರ್ಪಾಲಿನದು ಮಾತ್ರ ಇನ್ನೂ ಬಗೆಹರಿದಿಲ್ಲ. ಇವತ್ತೂ ಐದೂವರೆ ಆಯಿತು, ಪಡುವಣದಲ್ಲಿ ಮೋಡ ಕಟ್ಟಿದೆ, ನಿನ್ನೆ ಹರವಿದ ಹಣ್ಣು ಇನ್ನೂ ಕೆಂಪಗಿದೆ. ನಾಲ್ಕು ಜನ ನಾಲ್ಕು ಮೂಲೆ ಹಿಡಿದು ನನ್ನ ಮುಖ ನೋಡುತ್ತಾ ನಿಂತಿದ್ದಾರೆ.