ನವೆಂಬರ್ ಒಂದಕ್ಕೆ ಹುಟ್ಟಿದ ಮಿನಿಸ್ಟ್ರಿ, ನಮ್ಮೂರ ಸ್ಟೇಡಿಯಂ ಬೀಗ

ನಾನಿರೋ ಸಿಂಗಾಪುರದಲ್ಲಿ ಸಂಸ್ಕೃತಿ, ಯುವಜನ, ಕ್ರೀಡೆ ಮೂರನ್ನೂ ಒಂದೇ ಮಿನಿಸ್ಟ್ರಿ ನೋಡ್ಕೊಳ್ಳುತ್ತೆ, ಎಂಸಿಸಿವೈ ಅಂತಾರೆ. ಅದು ಶುರುವಾಗಿದ್ದು ಯಾವತ್ತು ಗೊತ್ತಾ, 2012ರ ನವೆಂಬರ್ 1. ನಮ್ಮ ರಾಜ್ಯೋತ್ಸವದ ದಿನಾನೇ! ಅವ್ರಿಗೆ ಅದು ಗೊತ್ತಿರೋ ಚಾನ್ಸ್ ಇಲ್ಲ ಬಿಡಿ, ನಾನೇ ಖುಷಿಪಟ್ಕೊಂಡೆ. ಆಗ ಅದನ್ನ ನೋಡ್ಕೊತಿದ್ದ ಲಾರೆನ್ಸ್ ವಾಂಗ್ 2024ರಲ್ಲಿ ಪ್ರಧಾನಿನೇ ಆದ್ರು. ನಮ್ಮಲ್ಲಿ ಯಾರಿಗಾದ್ರೂ ಕ್ರೀಡಾ ಖಾತೆ ಕೊಟ್ರೆ ಪಾಪ ಅವ್ರಿಗೇನೂ ಸಿಗ್ಲಿಲ್ಲ ಅಂತ ಬೆಂಬಲಿಗರು ಮುಖ ಸಪ್ಪೆ ಮಾಡ್ಕೊತಾರೆ.

ನನಗೆ ಇಲ್ಲಿ ಇಷ್ಟ ಆಗಿದ್ದು ದೊಡ್ಡ ಸ್ಟೇಡಿಯಂ ಅಲ್ಲ, ಗೇಟು. ಬಹಳಷ್ಟು ಸರ್ಕಾರಿ ಶಾಲೆಗಳ ಫೀಲ್ಡು ಶಾಲೆ ಬಿಟ್ಟ ಮೇಲೆ ಊರಿನವರಿಗೆ ತೆರೆದಿರುತ್ತೆ, ಶಾಲೆ ಕಡೆಗೆ ಒಂದು ಬೇಲಿ, ರಸ್ತೆ ಕಡೆಗೆ ಬೇರೆ ಗೇಟು, ಅಷ್ಟೇ ಐಡಿಯಾ. ಸಂಜೆ ಹೋದ್ರೆ ಒಬ್ರು ಅಜ್ಜಿ ಕೈ ಬೆನ್ನ ಹಿಂದಕ್ಕೆ ಹಾಕ್ಕೊಂಡು ಹಿಮ್ಮುಖವಾಗಿ ನಡೀತಿರ್ತಾರೆ, ಪಕ್ಕದಲ್ಲಿ ಹುಡುಗ್ರು ಫುಟ್‌ಬಾಲ್, ಯಾರೂ ಯಾರನ್ನೂ ಕೇಳಲ್ಲ. ಈಜುಕೊಳಕ್ಕೆ ಒಂದೆರಡು ಡಾಲರ್, ಹತ್ತಿರದ ಟೀ ಅಂಗಡೀಲಿ ಒಂದು ಟೀ ಕುಡಿದಂಗೆ. 2014ರಲ್ಲಿ ಆಕ್ಟಿವ್‌ಎಸ್‌ಜಿ ಅಂತ ಕ್ರೀಡಾ ಯೋಜನೆ ಶುರು ಮಾಡಿ ಮೆಂಬರ್ ಆದ ಸಿಟಿಜನ್ನು, ಪಿಆರ್ (ನನ್ನಂಥ ಕಾಯಂ ನಿವಾಸಿಗಳು) ಎಲ್ಲರಿಗೂ 100 ಡಾಲರ್ ಕ್ರೆಡಿಟ್ ಕೊಟ್ರು, ಹೋಗಿ ಆಡ್ರಪ್ಪ ಅಂತ. ಇಷ್ಟೆಲ್ಲ ಮಾಡಿ ಒಲಿಂಪಿಕ್ಸಲ್ಲಿ ಬಂದಿರೋ ಚಿನ್ನ ಎಷ್ಟು, ಒಂದೇ ಒಂದು, 2016ರಲ್ಲಿ ರಿಯೋದಲ್ಲಿ ಇಲ್ಲಿನ ಈಜುಗಾರ ಜೋಸೆಫ್ ಸ್ಕೂಲಿಂಗ್ 100 ಮೀಟರ್ ಬಟರ್‌ಫ್ಲೈನಲ್ಲಿ ಅಮೆರಿಕದ ಫೆಲ್ಪ್ಸ್‌ನ ಹಿಂದೆ ಹಾಕಿ ಗೆದ್ದಿದ್ದು. ಆ ಅಜ್ಜಿ ಮೆಡಲ್‌ಗೋಸ್ಕರ ನಡೀತಿಲ್ವಲ್ಲ.

ಆದ್ರೆ ಸಂಸ್ಕೃತಿ ವಿಷಯಕ್ಕೆ ಬಂದ್ರೆ ನನ್ನ ಓಟು ನಮ್ಮ ಕಡೆಗೇ. ಇಲ್ಲಿನ ಮ್ಯೂಸಿಯಂ ಚೆನ್ನಾಗಿದೆ, ಒಪ್ಕೊತೀನಿ, ನ್ಯಾಷನಲ್ ಗ್ಯಾಲರಿ ಇರೋದು ಹಳೇ ಸುಪ್ರೀಂ ಕೋರ್ಟ್, ಸಿಟಿ ಹಾಲ್ ಕಟ್ಟಡಗಳಲ್ಲಿ, ಪಿಆರ್‌ಗಳಿಗೂ ಫ್ರೀ. 2025ರಲ್ಲಿ ನಾಟಕ, ಮ್ಯೂಸಿಯಂ ನೋಡ್ಲಿ ಅಂತ 18 ದಾಟಿದ ಸಿಟಿಜನ್‌ಗಳಿಗೆ ಇನ್ನೊಂದು 100 ಡಾಲರ್ ಕೊಟ್ರು (ಪಿಆರ್‌ಗಳಿಗಿಲ್ಲ, ನಾವು ಬಾಯಿ ಚಪ್ಪರಿಸ್ಕೊಂಡು ಸುಮ್ನಾದ್ವಿ). ಆದ್ರೆ ಇಲ್ಲಿ ರಸ್ತೇಲಿ ನಿಂತು ಹಾಡೋಕೂ ಕಾರ್ಡ್ ಬೇಕು, ಜಾಗ ಟೈಮು ಎಲ್ಲ ಫಿಕ್ಸ್. ಫ್ಲ್ಯಾಟ್ ಕೆಳಗಿನ ಖಾಲಿ ಜಾಗದಲ್ಲಿ ಚೆಂಡಾಡಬೇಡಿ ಅಂತ ಬೋರ್ಡು, ಅದು ಈ ಮಿನಿಸ್ಟ್ರಿದಲ್ಲ, ಆದ್ರೂ ಬುದ್ಧಿ ಒಂದೇ. ನಮ್ಮಲ್ಲಿ ಬಯಲಾಟಕ್ಕೆ ಊರವರೇ ಚಂದಾ ಎತ್ತಿ, ಗೌಡರ ಮನೆ ಟ್ರಾಕ್ಟರಲ್ಲಿ ಬೆಂಚು ತಂದು, ಭೀಮನ ಪಾತ್ರಕ್ಕೆ ಜಗಳ ಆಡಿ, ಬೆಳಗಿನ ಜಾವದ ತನಕ ಕುಣೀತಾರೆ, ಇದಕ್ಕೆ ಯಾವ ಇಲಾಖೆ ಕ್ರೆಡಿಟ್ಟೂ ಬೇಕಾಗಿಲ್ಲ. ಇಲಾಖೆಯವರು ಬಂದ್ರೆ ಶಾಲು ಹೊದಿಸೋ ಕಾರ್ಯಕ್ರಮ ಎರಡು ಗಂಟೆ ಜಾಸ್ತಿ ಆಗುತ್ತೆ ಅಷ್ಟೇ.

ನಾನು ಕೇಳೋದು ಇಷ್ಟೇ, ನಮ್ಮ ಕ್ರೀಡಾ ಇಲಾಖೆ ಇಲ್ಲಿಂದ ಆ ಗೇಟಿನ ಐಡಿಯಾ ಒಂದು ತಗೊಂಡ್ರೆ ಸಾಕು, ಮಿಕ್ಕಿದ್ದೆಲ್ಲ ಇಲ್ಲೇ ಇರ್ಲಿ.

ಹೋದ ಸಲ ಊರಿಗೆ ಹೋದಾಗ ಬೆಳಗ್ಗೆ ಆರಕ್ಕೆ ಶೂ ಹಾಕ್ಕೊಂಡು ಸ್ಟೇಡಿಯಂಗೆ ಹೋದೆ. ಬೀಗ. ಕೀ ವಾಚ್‌ಮನ್ ಹತ್ರ, ವಾಚ್‌ಮನ್ ಅತ್ತೆ ಮನೇಲಿ. ಜೊತೆಗೆ ಬಂದಿದ್ದ ಅಣ್ಣನ ಮಗ, "ಗೇಟ್ ಕಡೆ ಯಾಕ್ ಹೋಗ್ತೀಯ ಚಿಕ್ಕಪ್ಪ, ಈ ಕಡೆ ಬಾ" ಅಂತ ಕರ್ಕೊಂಡು ಹೋಗಿ ತೋರಿಸ್ದ, ಕಾಂಪೌಂಡಲ್ಲಿ ಎರಡು ಕಲ್ಲು ಬಿದ್ದೋಗಿ ಮೆಟ್ಟಿಲ ಥರ ಆಗಿದೆ, ಹತ್ತಿ ಹತ್ತಿ ಅಲ್ಲಿ ಸಿಮೆಂಟು ನುಣ್ಣಗಾಗಿದೆ. ಆಗ್ಲೇ ಒಳಗೆ ಇಪ್ಪತ್ತು ಜನ ಕ್ರಿಕೆಟ್ ಆಡ್ತಿದ್ರು. ನಾನೂ ಹತ್ತಿದೆ, ಪ್ಯಾಂಟ್ ಹರೀತು.