ಡ್ಯಾಕ್ ಮಹಾತ್ಮೆ

ದಾವಣಗೆರೆಯ ಎಂಸಿಸಿ ಬಿ ಬ್ಲಾಕಿನಲ್ಲಿರುವ ನನ್ನ ಷಡ್ಡಕನ ಮನೆಗೆ ಡ್ಯಾಕ್ ಬಂದಿದೆ. ಪೂರ್ತಿ ಹೆಸರು ಡಿಜಿಟಲ್ ಟು ಅನಲಾಗ್ ಕನ್ವರ್ಟರ್. ಡಿಜಿಟಲ್ ಹಾಡಿನ ಸೊನ್ನೆ-ಒಂದುಗಳನ್ನು ಆಂಪ್ಲಿಫೈಯರಿಗೆ ಬೇಕಾದ ವಿದ್ಯುತ್ ಅಲೆಗಳಾಗಿ ಬದಲಿಸುವ ಪುಟ್ಟ ಡಬ್ಬಿ. 1982ರಲ್ಲಿ ಬಂದ ಸಿ.ಡಿ. ಪ್ಲೇಯರಿನಿಂದ ಹಿಡಿದು ನಿಮ್ಮ ಮೊಬೈಲಿನ ತನಕ ಎಲ್ಲದರ ಹೊಟ್ಟೆಯಲ್ಲೂ ಇದೇ ಕೆಲಸ ನಡೆಯುತ್ತಿದೆ. ಆದರೂ ಬಂದ ದಿನ ಕುಂಕುಮ ಹಚ್ಚಿ, ನಿಂಬೆಹಣ್ಣು ಇಟ್ಟರು.

ಡಬ್ಬಿಯ ತಪ್ಪೇನಿಲ್ಲ. ಎಷ್ಟೋ ಹೊಸ ಟಿವಿಗಳಲ್ಲಿ ಕೆಂಪು-ಬಿಳಿ ಪಿನ್ನು ಸಿಕ್ಕಿಸುವ ಜಾಗವೇ ಇಲ್ಲ. ಬೆಳಕಿನ ರೂಪದಲ್ಲಿ ಡಿಜಿಟಲ್ ಸದ್ದು ಕಳಿಸುವ ಆಪ್ಟಿಕಲ್ ತೂತಿನಿಂದ ಹಳೇ ಆಂಪ್ಲಿಫೈಯರಿಗೆ ಹಾಡು ಮುಟ್ಟಿಸಬೇಕಾದರೆ ಇದು ಬೇಕು. ಲ್ಯಾಪ್‌ಟಾಪಿನ ಜ್ಯಾಕಿಗೆ ಸ್ಪೀಕರ್ ಸಿಕ್ಕಿಸಿದಾಗ ಒಳಗಿನ ಕಿರಿಕಿರಿಯೆಲ್ಲ ಕಿವಿಗೆ ಬೀಳುತ್ತಿದ್ದರೆ ಅದಕ್ಕೂ ಎಷ್ಟೋ ಸಲ ಇದೇ ಮದ್ದು. ಟಿವಿಗಾದರೆ, ಸೆಟ್ಟಿಂಗಿನಲ್ಲಿ ಡಾಲ್ಬಿ ತೆಗೆದು ಪಿಸಿಎಂ (ಇಂಥ ಡಬ್ಬಿಗೆ ಅರ್ಥವಾಗುವ ಸಾದಾ ಡಿಜಿಟಲ್ ರೂಪ) ಇಟ್ಟರಾಯಿತು. ಸಾವಿರ ಚಿಲ್ಲರೆಗೆ ಮುಗಿಯುವ ಕೆಲಸ.

ಸಾವಿರಕ್ಕೆ ಮುಗಿದರೆ ಅದೆಂಥ ಶೋಕಿ? ಬೆಳ್ಳಿ ತಂತಿಯ ಯುಎಸ್‌ಬಿ ಕೇಬಲ್ ಬಂತು. ಆ ತಂತಿಯಲ್ಲಿ ಹೋದರೆ ಸೊನ್ನೆ ಇನ್ನಷ್ಟು ಗುಂಡಗಾಗುತ್ತದೆಯೋ ಏನೋ. "ಇನ್ನೂರು ತಾಸು ಹಾಡಿಸ್ಬೇಕಣ್ಣಾ, ಆಮೇಲೆ ಸೌಂಡ್ ಬಿಚ್ಕೊಳ್ತೈತಿ" ಎಂದ ಷಡ್ಡಕ. ಬಿಚ್ಚಿಕೊಂಡಿದ್ದು ಪರ್ಸು. "ಈಗ ನೋಡು, ತಬಲಾ ಫ್ರಿಜ್ ಹಿಂದಿಂದ ಎದ್ದು ಶೋಕೇಸ್ ಪಕ್ಕ ಬಂದು ಕುಂತೈತಿ!" ನೋಡಿದೆ. ಒಂದು ಸ್ಪೀಕರ್ ಶೋಕೇಸಿನ ಮೇಲೆ ಗೊಂಬೆಗಳ ನಡುವೆ, ಇನ್ನೊಂದು ಸೋಫಾದ ಸಂದಿಯಲ್ಲಿ ಗೋಡೆಗೆ ಮುಖ ಮಾಡಿಕೊಂಡು. ಸ್ಪೀಕರನ್ನು ಒಂದು ಮೊಳ ಈಚೆ ಎಳೆದು ಕಿವಿಯ ಮಟ್ಟಕ್ಕಿಟ್ಟರೆ ಆಗುವ ಲಾಭ ಯಾವ ಕೇಬಲ್ಲಿನಿಂದಲೂ ಆಗದು. ಆದರೆ ಅದಕ್ಕೆ ಬಿಲ್ ಇಲ್ಲವಲ್ಲ, ನಂಬಿಕೆ ಬರುವುದಿಲ್ಲ.

ಡಬ್ಬಿಯ ಮೇಲೆ 120 ಡೆಸಿಬೆಲ್ ಎಂದು ಬರೆದಿದೆ. ಅಂದರೆ ಅತಿ ಜೋರು ಸದ್ದಿಗೂ ಡಬ್ಬಿಯ ಸ್ವಂತ ಗುಸುಗುಸುವಿಗೂ ಇರುವ ಅಂತರ. ಸರ್ಕಾರದ ಲೆಕ್ಕ ಬೇರೆ: 2000ನೇ ಇಸವಿಯ ಶಬ್ದಮಾಲಿನ್ಯ ನಿಯಮದಂತೆ ವಸತಿ ಪ್ರದೇಶದಲ್ಲಿ ಹಗಲು 55, ರಾತ್ರಿ 45 ಡೆಸಿಬೆಲ್. ನಮ್ಮ ಬೀದಿ ಆ ನಿಯಮವನ್ನು ಪಾಲಿಸುತ್ತದೆ ಎಂದೇ ಇಟ್ಟುಕೊಳ್ಳಿ (ನಗಬೇಡಿ). ಆ 45ರ ಗದ್ದಲದಲ್ಲಿ ಹಾಡಿನ ಮೆಲುದನಿಯೂ ಮುಳುಗದಂತೆ 120ನ್ನೂ ಅನುಭವಿಸಬೇಕಾದರೆ ಹಾಡು 165ಕ್ಕೆ ಏರಬೇಕು. 120 ದಾಟುತ್ತಿದ್ದಂತೆಯೇ ಕಿವಿ ನೋಯಲು ಶುರು. ಸಂಗೀತ ಪೂರ್ತಿ ಕೇಳಿಸುವ ಹೊತ್ತಿಗೆ ಕೇಳುವವರೇ ಇರುವುದಿಲ್ಲ.

ಹೊರಗೆ ಸೊಪ್ಪಿನ ಗಾಡಿಯ ಮೈಕು, ಹಳೇ ಕಬ್ಣದವನ ಮೈಕು, ಯಾರದೋ ಹುಟ್ಟುಹಬ್ಬದ ಮೈಕು. ಇಷ್ಟರ ನಡುವೆ ಷಡ್ಡಕ ಕಣ್ಣು ಮುಚ್ಚಿ ತಂಬೂರಿಯ ತಂತಿ ಎಣಿಸುತ್ತಾನೆ.

ಗಣೇಶನನ್ನು ಬಿಡುವ ದಿನ ರಾತ್ರಿ ಹತ್ತು ದಾಟಿದ ಮೇಲೆ ಡಿಜೆ ಬಂತು. ಹತ್ತರಿಂದ ಬೆಳಗಿನ ಆರರ ತನಕ ಧ್ವನಿವರ್ಧಕ ನಿಷಿದ್ಧ ಎನ್ನುವ ಅದೇ ನಿಯಮದ ಮುಂದೆ ಹಾದು, ಕಿಟಕಿ ಗಾಜು ನಡುಗಿಸುತ್ತ ಬಂತು. ಶೋಕೇಸಿನ ಡ್ಯಾಕ್ ತಾನಾಗಿಯೇ ಅಂಚಿಗೆ ಸರಿಯಿತು. "ಪೊಲೀಸ್ರಿಗೆ ಫೋನ್ ಮಾಡೋ" ಎಂದೆ.

"ಹೆಂಗೆ ಮಾಡ್ಲಿ ಅಣ್ಣಾ, ಚಂದಾ ಎತ್ತಿದ್ದೇ ನಾನು. ಡಿಜೆ ಬುಕ್ ಮಾಡಿದ್ದೂ ನಾನೇ." ಸ್ವಲ್ಪ ಹೊತ್ತು ಕಿವಿಗೊಟ್ಟು ಕೇಳಿ ಮುಖ ಹಿಂಡಿದ. "ಪೆನ್‌ಡ್ರೈವ್‌ನಾಗೆ ಎಂಪಿ3 ಹಾಕ್ಯಾರೆ, ಥೂ. ಡೀಟೇಲೇ ಇಲ್ಲ. ಬರೋ ವರ್ಷ ಸಮಿತಿಯಿಂದ್ಲೇ ಒಂದು ಡ್ಯಾಕ್ ಕೊಡಿಸ್ಬೇಕು."