ಖಾರದ ವಿನೆಗರ್ ಮತ್ತು ನನ್ನ ಎಡಗಣ್ಣು

ನನಗೊಂದು ಕೆಟ್ಟ ಚಾಳಿ ಇದೆ. ಮೊದಲು ಮಾಡುತ್ತೇನೆ, ಆಮೇಲೆ ಓದುತ್ತೇನೆ. ಮಿಕ್ಸಿ ಸುಟ್ಟ ವಾಸನೆ ಬಂದ ಮೇಲೆ ಅದರ ಜೊತೆ ಬಂದ ಪುಸ್ತಕ ಹುಡುಕುವ ಗಿರಾಕಿ ನಾನು. ಹಾಗಾಗಿ ಖಾರದ ವಿನೆಗರ್ ಬಗ್ಗೆ ಈಗ ನನಗೆ ಸಾಕಷ್ಟು ಗೊತ್ತಿದೆ. ಗೊತ್ತಾದ ಕ್ರಮ ಮಾತ್ರ ಸರಿಯಿಲ್ಲ.

ವಸ್ತು ತೀರಾ ಸರಳ. ಅರ್ಧ ಲೀಟರ್ ವಿನೆಗರ್, ಇಪ್ಪತ್ತೈದು ಮೂವತ್ತು ಹಸಿಮೆಣಸಿನಕಾಯಿ, ಒಂದು ಗಡ್ಡೆ ಬೆಳ್ಳುಳ್ಳಿ, ಸ್ವಲ್ಪ ಶುಂಠಿ, ಹತ್ತಾರು ಕಾಳುಮೆಣಸು, ಒಂದು ಚಮಚ ಉಪ್ಪು. ಎಲ್ಲ ಬಾಟಲಿಗೆ ಹಾಕಿ ಕಾಯಬೇಕು, ಅಷ್ಟೆ. ಫಿಲಿಪ್ಪೀನ್ಸ್‌ನಲ್ಲಿ ಇದಕ್ಕೆ ಸಿನಾಮಾಕ್ ಅಂತಾರೆ, ಪೋರ್ಟೊ ರಿಕೊದಲ್ಲಿ ಪೀಕೆ. ಅಮೆರಿಕದ ದಕ್ಷಿಣದಲ್ಲಿ ಬೇಯಿಸಿದ ಸೊಪ್ಪಿನ ಮೇಲೆ ಹೀಗೇ ಮೆಣಸಿನಕಾಯಿ ನೆನೆಸಿದ ವಿನೆಗರ್ ಚಿಮುಕಿಸುತ್ತಾರೆ. ಇಷ್ಟು ದೇಶದ ಜನ ಕಣ್ಣು ಮುಚ್ಚಿಕೊಂಡು ಮಾಡುವುದನ್ನು ನಾನು ಕಣ್ಣು ಬಿಟ್ಟುಕೊಂಡು ಮಾಡಲಾರೆನೇ ಅಂದುಕೊಂಡೆ.

ಅವತ್ತು ಸಂಜೆ ನನ್ನ ಒಂದು ಕಣ್ಣು ಮುಚ್ಚಿಯೇ ಇತ್ತು.

ಆಗಿದ್ದಿಷ್ಟು. ಮೆಣಸಿನಕಾಯಿಯನ್ನು ಇಡಿಯಾಗಿ ಹಾಕಿದರೆ ಒಳಗೆ ಗಾಳಿ ಇರುವುದರಿಂದ ತೇಲುತ್ತದೆ, ವಿನೆಗರ್ ಒಳಗೆ ಹೋಗುವುದಿಲ್ಲ. ಸೀಳಬೇಕು. ಸೀಳಿದೆ, ಬರಿಗೈಯಲ್ಲಿ. ಖಾರ ಜಾಸ್ತಿ ಆದೀತು ಅಂತ ಬೀಜವನ್ನೆಲ್ಲ ಒಂದೊಂದಾಗಿ ಉದುರಿಸಿದೆ. ಖಾರ ಇರುವುದು ಬೀಜದಲ್ಲಲ್ಲ, ಬೀಜ ಅಂಟಿಕೊಂಡಿರುವ ಬಿಳಿ ತಿರುಳಿನಲ್ಲಿ. ಅದನ್ನು ಜೋಪಾನವಾಗಿ ಉಳಿಸಿದ್ದೆ! ಆಮೇಲೆ ಕೈ ತೊಳೆದು ಎಡಗಣ್ಣು ಉಜ್ಜಿಕೊಂಡೆ.

ನನ್ನ ಕೂಗಿಗೆ ಹೆಂಡತಿ ಓಡಿ ಬಂದಳು. ‘ಕೈ ತೊಳ್ಕೊಂಡಿರಾ?’

‘ಮೂರು ಸಲ.’

‘ಸೋಪು?’

ನಾನು ಸುಮ್ಮನಾದೆ. ಖಾರದ ಮೂಲವಾದ ಕ್ಯಾಪ್ಸೈಸಿನ್ ನೀರಿಗೆ ಜಗ್ಗುವುದಿಲ್ಲ. ಮೊದಲು ಕೈಗೆ ಅಡುಗೆ ಎಣ್ಣೆ ಸವರಿ, ಆಮೇಲೆ ಸೋಪು ಹಾಕಿ ಉಜ್ಜಬೇಕು. ಇನ್ನೂ ಮಜಾ ಏನೆಂದರೆ, ನಮ್ಮ ನರಗಳಲ್ಲಿ 43 ಡಿಗ್ರಿ ಸೆಲ್ಸಿಯಸ್ ದಾಟಿದರೆ ‘ಸುಡ್ತಿದೆ’ ಅಂತ ಕೂಗಿ ಹೇಳುವ ಒಂದು ಗ್ರಾಹಕ (ರಿಸೆಪ್ಟರ್) ಇದೆ. ಕ್ಯಾಪ್ಸೈಸಿನ್ ಹೋಗಿ ಅದನ್ನೇ ಒತ್ತುತ್ತದೆ. ಬೆಂಕಿ ಇರುವುದಿಲ್ಲ, ಉರಿ ಮಾತ್ರ ನಿಜ. ಈ ಗ್ರಾಹಕವನ್ನು 1997ರಲ್ಲಿ ಅಮೆರಿಕದ ವಿಜ್ಞಾನಿ ಡೇವಿಡ್ ಜೂಲಿಯಸ್ ಅವರ ತಂಡ ಗುರುತಿಸಿತು, 2021ರಲ್ಲಿ ಅವರಿಗೆ ನೊಬೆಲ್ ಪ್ರಶಸ್ತಿಯೂ ಬಂತು. ನಾನು ಅದನ್ನು ಸಿಂಕಿನ ಮುಂದೆ ಬಗ್ಗಿ ನಿಂತು ಗುರುತಿಸಿದೆ. ನಲ್ಲಿಯ ಬಿಲ್ ಬಿಟ್ಟರೆ ಬೇರೇನೂ ಬರಲಿಲ್ಲ.

ಒಂದೂವರೆ ಕಣ್ಣಲ್ಲಿ ಮುಂದಿನ ಹಂತಕ್ಕೆ ಇಳಿದೆ. ವಿನೆಗರನ್ನು ಬಿಸಿ ಮಾಡಿ ಸುರಿದರೆ ಖಾರ ಬೇಗ ಇಳಿಯುತ್ತದೆ ಅಂತ ಎಲ್ಲೋ ಕೇಳಿದ್ದೆ. ಬೇಗ ಅಂದರೆ ಬೇಗ ಆಗಲಿ ಅಂತ ಮೆಣಸಿನಕಾಯಿಯನ್ನೂ ಅದರೊಳಗೇ ಹಾಕಿ ಕುದಿಯಲು ಇಟ್ಟೆ. ಮನೆಯವರಿಗೆ ವಾಸನೆ ಬಡಿಯದಿರಲಿ ಅಂತ ಅಡುಗೆಮನೆಯ ಬಾಗಿಲು ಕಿಟಕಿ ಎರಡನ್ನೂ ಮುಚ್ಚಿದೆ. ಪರೋಪಕಾರ ಅಂದರೆ ಇದೇ ಅಲ್ವಾ? ಐದು ನಿಮಿಷ ಬಿಟ್ಟು ಮುಚ್ಚಳ ತೆಗೆದು, ಹದ ನೋಡೋಣ ಅಂತ ಬಗ್ಗಿ ಮೂಸಿದೆ.

ಆಮೇಲಿನ ಸ್ವಲ್ಪ ಹೊತ್ತು ನನಗೆ ಸರಿಯಾಗಿ ನೆನಪಿಲ್ಲ. ಆ ಘಾಟು ಮೂಗಿನಿಂದ ಹೋಗಿ ನೆತ್ತಿಯಲ್ಲಿ ಹೊರಬಂತು. ಬಾಗಿಲು ತೆರೆದು ಹೊರಗೆ ಬಿದ್ದೆ. ನನ್ನ ಹಿಂದೆಯೇ ಘಾಟೂ ಬಂತು. ಹೋಮ್‌ವರ್ಕ್ ಮಾಡುತ್ತಿದ್ದ ಮಗಳು ಕೆಮ್ಮುತ್ತಾ ಪುಸ್ತಕ ಎತ್ತಿಕೊಂಡು ಮಹಡಿಗೆ ಓಡಿದಳು. ಹೆಂಡತಿ ಮೂಗಿಗೆ ಸೆರಗು ಹಿಡಿದು, ‘ರೀ, ಇದು ಊಟಕ್ಕೋ ತಿಗಣೆಗೋ?’ ಅಂತ ಕೇಳಿದಳು. ಕಿಟಕಿ ತೆರೆದಿಟ್ಟು, ವಿನೆಗರೊಂದನ್ನೇ ಸ್ಟೀಲ್ ಪಾತ್ರೆಯಲ್ಲಿ ಹಬೆಯಾಡುವಷ್ಟು ಬಿಸಿ ಮಾಡಿ ಸುರಿದರೆ ಸಾಕು. ಕುದಿಸುವ ಕರ್ಮ ಇಲ್ಲ. ಬಿಸಿಯನ್ನೇ ಮಾಡದಿದ್ದರೂ ನಡೆಯುತ್ತದೆ, ಸ್ವಲ್ಪ ಜಾಸ್ತಿ ದಿನ ಕಾಯಬೇಕು.

ಇಷ್ಟಾದ ಮೇಲೆ ಆ ಕುದಿಯುವ ದ್ರವವನ್ನು ಆಗಷ್ಟೇ ತಣ್ಣೀರಲ್ಲಿ ತೊಳೆದ ಗಾಜಿನ ಬಾಟಲಿಗೆ ಸುರಿದೆ. ‘ಟಕ್’ ಅಂತ ಒಂದು ಸಣ್ಣ ಸದ್ದು. ಅಷ್ಟೇನಾ ಅಂತ ಬಾಟಲಿ ಎತ್ತಿದೆ. ಬಾಟಲಿ ಬಂತು. ತಳ ಬರಲಿಲ್ಲ.

ಎರಡನೇ ಸಲ ಜಾಣನಾದೆ. ಕೈಗೆ ಗ್ಲೌಸ್, ಬೆಚ್ಚಗಿನ ಬಾಟಲಿ, ಹದವಾದ ಬಿಸಿ. ಎಲ್ಲ ಸರಿಯಾಯಿತು. ಮೂರನೇ ದಿನ ನೋಡಿದರೆ ಬೆಳ್ಳುಳ್ಳಿ ನೀಲಿ! ಅಲ್ಲಲ್ಲಿ ಹಸಿರು, ಉಳಿದದ್ದೆಲ್ಲ ನೀಲಿ.

‘ಮೈಲುತುತ್ತ ಏನಾದ್ರೂ ಹಾಕಿದ್ರಾ?’ ಅಂದಳು ಹೆಂಡತಿ. ನನ್ನ ಎದೆ ಧಸಕ್ಕೆಂದಿತು. ಮನೆಮಂದಿಯ ಪ್ರಾಣ ಮುಖ್ಯ ಅಂತ ಅಷ್ಟನ್ನೂ ಸಿಂಕಿಗೆ ಸುರಿದೆ. ಸುರಿದ ಮೇಲೆ ಓದಲು ಕೂತೆ. ಬೆಳ್ಳುಳ್ಳಿಯಲ್ಲಿರುವ ಗಂಧಕದ ಸಂಯುಕ್ತಗಳು ಹುಳಿಯಲ್ಲಿ ಅಮೈನೊ ಆಮ್ಲಗಳ ಜೊತೆ ಸೇರಿದರೆ ಹೀಗೆ ಬಣ್ಣ ಬರುತ್ತದಂತೆ, ತಿಂದರೆ ಏನೂ ಆಗುವುದಿಲ್ಲವಂತೆ. ಉತ್ತರ ಚೀನಾದಲ್ಲಂತೂ ಲಾಬಾ ಬೆಳ್ಳುಳ್ಳಿ ಅಂತ ಬೇಕೆಂದೇ ವಿನೆಗರಿನಲ್ಲಿ ನೆನೆಸಿ ಹಸಿರು ಮಾಡಿ, ಹೊಸ ವರ್ಷದ ಹೊತ್ತಿಗೆ ಡಂಪ್ಲಿಂಗ್ ಜೊತೆ ತಿನ್ನುತ್ತಾರೆ. ಅಲ್ಲಿ ಹಸಿರಾಗದಿದ್ದರೆ ಬೇಜಾರು. ನಮ್ಮ ಸಿಂಕು ಮಾತ್ರ ಆ ವಾರವಿಡೀ ಫಳಫಳ ಹೊಳೆಯಿತು.

ಅದೇ ಓದಿನಲ್ಲಿ ಒಂದು ಗಂಭೀರ ಸಂಗತಿಯೂ ಸಿಕ್ಕಿತು. ಬೆಳ್ಳುಳ್ಳಿಯನ್ನು ಎಣ್ಣೆಯಲ್ಲಿ ಮುಳುಗಿಸಿ ಫ್ರಿಜ್ಜಿನ ಹೊರಗೆ ಇಡುವುದು ಅಪಾಯ. ಗಾಳಿಯಿಲ್ಲದ ಕಡೆ ಬೊಟುಲಿಸಂ ಎಂಬ ಪ್ರಾಣಕ್ಕೇ ಕುತ್ತಾಗಬಲ್ಲ ಆಹಾರವಿಷ ತರುವ ಬ್ಯಾಕ್ಟೀರಿಯಾ ಬೆಳೆಯಬಹುದು. ಹುಳಿಯ ಅಳತೆಯಾದ ಪಿಎಚ್ (ಇದು ಕಡಿಮೆಯಾದಷ್ಟೂ ಹುಳಿ ಜಾಸ್ತಿ) 4.6ಕ್ಕಿಂತ ಕಡಿಮೆ ಇದ್ದರೆ ಆ ಬ್ಯಾಕ್ಟೀರಿಯಾ ಬೆಳೆಯುವುದಿಲ್ಲ. ವಿನೆಗರಿನ ಹುಳಿ ಅದಕ್ಕಿಂತ ಎಷ್ಟೋ ತೀಕ್ಷ್ಣ. ಅದಕ್ಕೇ ಬಾಟಲಿಯ ಮೇಲೆ ಶೇಕಡಾ 5 ಆಮ್ಲ ಅಂತ ಬರೆದಿರುವುದನ್ನು ತರಬೇಕು. ಅದಕ್ಕೆ ನೀರು ಬೆರೆಸಬಾರದು. ಮೆಣಸಿನಕಾಯಿ, ಬೆಳ್ಳುಳ್ಳಿ ಎಲ್ಲ ಮುಳುಗಿರಬೇಕು. ಇದರಲ್ಲಿ ನನ್ನ ತಮಾಷೆ ಏನಿಲ್ಲ.

ಮೂರನೇ ಬಾಟಲಿಗೆ ತಗಡಿನ ಮುಚ್ಚಳ ಹಾಕಿದ್ದೆ. ತುಕ್ಕು ಹಿಡಿಯಿತು. ಬಿಡಿ, ಅದನ್ನು ವಿವರಿಸುವ ಹುಮ್ಮಸ್ಸಿಲ್ಲ. ನಾಲ್ಕನೆಯದಕ್ಕೆ ಪ್ಲಾಸ್ಟಿಕ್ ಮುಚ್ಚಳ.

ಎರಡು ವಾರ ಕಳೆಯಿತು. ಆಹಾ! ಸೂಪಿಗೆ ನಾಲ್ಕು ಹನಿ, ಆಮ್ಲೆಟ್ಟಿಗೆ ಎರಡು ಹನಿ, ನೂಡಲ್ಸ್ ಇಳಿಸುವ ಮುಂಚೆ ಒಂದು ಚಮಚ. ಸಪ್ಪೆ ತರಕಾರಿಗೂ ಜೀವ ಬಂತು. ಹುಳಿ ಇದ್ದರೆ ಉಪ್ಪು ಸ್ವಲ್ಪ ಕಡಿಮೆ ಸಾಕು ಅನ್ನುವುದನ್ನು ಹೆಂಡತಿಯೂ ಒಪ್ಪಿಕೊಂಡಳು. ಬಾಯಿಬಿಟ್ಟು ಒಪ್ಪಲಿಲ್ಲ. ಬಾಟಲಿಯನ್ನು ಒಲೆಯ ಪಕ್ಕದ ಶೆಲ್ಫಿಗೆ ಸರಿಸಿದಳು. ಆ ಶೆಲ್ಫಿನಲ್ಲಿ ಜಾಗ ಸಿಗುವುದು ಸಾಮಾನ್ಯ ಸಂಗತಿಯಲ್ಲ.

ಆ ಭಾನುವಾರ ಭಾಮೈದ ಊಟಕ್ಕೆ ಬಂದ. ‘ಒಂದೆರಡು ಹನಿ ಸಾಕು’ ಅಂದೆ. ‘ಖಾರ ಎಲ್ಲ ನಂಗ್ಯಾವ ಲೆಕ್ಕ, ಭಾವ’ ಅಂತ ಬಾಟಲಿ ಬಗ್ಗಿಸಿದ. ಬಾಯಿ ಅಗಲದ ಬಾಟಲಿ ಅದು, ಹನಿ ಅನ್ನುವ ಪದವೇ ಅದಕ್ಕೆ ಗೊತ್ತಿಲ್ಲ. ಗಳಗಳ ಅಂತ ಅರ್ಧ ಸೂಪಿಗೆ ಇಳಿಯಿತು. ಮರ್ಯಾದೆಗೆ ಅಂಜಿ ಎರಡು ಚಮಚ ಕುಡಿದ. ಕಿವಿ ಕೆಂಪಾಯಿತು. ನೀರು ಕುಡಿದ, ಮತ್ತೆ ನೀರು ಕುಡಿದ, ಕಣ್ಣಲ್ಲೂ ನೀರೇ ಬಂತು.

ನಾನು ಗಡಿಬಿಡಿ ಮಾಡದೆ ಎದ್ದು ಒಂದು ಲೋಟ ಹಾಲು ತಂದುಕೊಟ್ಟೆ. ಹಾಲಿನ ಕೇಸಿನ್ ಎಂಬ ಪ್ರೋಟೀನ್ ಕ್ಯಾಪ್ಸೈಸಿನನ್ನು ಹಿಡಿದುಕೊಂಡು ಹೋಗುತ್ತದೆ. ಜೀವನದಲ್ಲಿ ಮೊದಲ ಬಾರಿಗೆ ನಾನು ಒಂದು ವಿಷಯವನ್ನು ಅವಘಡಕ್ಕೆ ಮುಂಚೆಯೇ ಓದಿಟ್ಟಿದ್ದೆ. ಹೆಂಡತಿಯ ಕಡೆ ನೋಡಿದೆ. ಅವಳು ತಮ್ಮನ ಬೆನ್ನು ತಟ್ಟುವುದರಲ್ಲಿದ್ದಳು, ಯಾರೂ ಗಮನಿಸಲಿಲ್ಲ.

ಸುಧಾರಿಸಿಕೊಂಡ ಮೇಲೆ ಭಾಮೈದ, ‘ರುಚಿ ಮಾತ್ರ ಸಖತ್ತಾಗಿದೆ ಭಾವ, ಹೇಗೆ ಮಾಡೋದು?’ ಅಂದ. ನಾನು ಒಂದು ಚೀಟಿಯಲ್ಲಿ ಎಲ್ಲ ಬರೆದುಕೊಟ್ಟೆ. ಮೊದಲ ಸಾಲಿನಲ್ಲೇ ‘ಗ್ಲೌಸ್ ಹಾಕಿಕೋ’ ಅಂತ ಬರೆದು ಕೆಳಗೆ ಎರಡು ಗೆರೆ ಎಳೆದೆ. ಅವನು ನೋಡದೆಯೇ ಮಡಚಿ ಜೇಬಿಗೆ ಇಳಿಸಿದ.

ಮರುದಿನ ಸಂಜೆ ಫೋನ್ ಬಂತು. ಹಿನ್ನೆಲೆಯಲ್ಲಿ ನಲ್ಲಿ ನೀರು ಸುರಿಯುವ ಸದ್ದು.

‘ಭಾವ, ನೀವು ಕೊಟ್ಟ ಚೀಟಿ ಈಗ ಓದಿದೆ.’

‘ಯಾವ ಕಣ್ಣು?’ ಅಂದೆ.